ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ

ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಅಟ್ಟದಲ್ಲಿದ್ದ ತಗಡಿನ ಟ್ರಂಕಿನಲ್ಲಿ 47 ಕ್ಯಾಸೆಟ್ಟುಗಳು ಸಿಕ್ಕವು. ಮೂವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳು ಅಂಗಡಿಯಿಂದ ತಂದ ಭಾವಗೀತೆ, ದೇವರನಾಮ ಮತ್ತು ಸಿನಿಮಾ ಹಾಡುಗಳವು. ಉಳಿದವು ಮನೆಯವರೇ ಟೂ-ಇನ್-ಒನ್ನಿನ (ರೇಡಿಯೊ, ಟೇಪ್‌ರೆಕಾರ್ಡರ್ ಎರಡೂ ಸೇರಿದ ಯಂತ್ರ) ಕೆಂಪು ಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಒಟ್ಟಿಗೆ ಒತ್ತಿ ತುಂಬಿಸಿಕೊಂಡವು: ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಬಾಗಿಲಿಗೆ ಬಂದ ಅಂಟಿಗೆ-ಪಂಟಿಗೆಯವರ ಪದಗಳು, ಜಗಲಿಯಲ್ಲಿ ನಡೆದ ಒಂದು ತಾಳಮದ್ದಲೆ, ಅತ್ತೆಯ ಮದುವೆಯಲ್ಲಿ ಹೆಂಗಸರು ಹೇಳಿದ ಹಸೆ ಹಾಡುಗಳು, ಮತ್ತು ಶರಾವತಿಯ ಹಿನ್ನೀರಿನಲ್ಲಿ ತನ್ನ ತವರೂರು ಮುಳುಗಿದ ಬಗೆಯನ್ನು ಅಜ್ಜಿ ನೆನೆನೆನೆದು ಹೇಳಿದ ಒಂದೂವರೆ ಗಂಟೆಯ ಮಾತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಜ್ಜಿಯ ಮಾತನ್ನು ತುಂಬಿಸಿದ್ದು 1991ರ ಮಳೆಗಾಲದಲ್ಲಿ. ಅವಳು ತೀರಿಕೊಂಡು ಇಪ್ಪತ್ತು ವರ್ಷ ದಾಟಿದೆ. ಅವಳ ದನಿ ಇದ್ದದ್ದು ಆ ಒಂದೇ ಕ್ಯಾಸೆಟ್ಟಿನೊಳಗಿನ ಪಟ್ಟಿಯಲ್ಲಿ, ಎಂದರೆ ಟೇಪಿನಲ್ಲಿ.

ಆ ಕ್ಯಾಸೆಟ್ಟನ್ನು ಮೊದಲು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆ. ತಿರುಗಿ ಬಂದ ಸಿಡಿಯಲ್ಲಿ 'ಎ' ಬದಿ ಮಾತ್ರವಿತ್ತು. ದನಿಯೋ ಕಂಬಳಿ ಹೊದ್ದು ಮಾತಾಡಿದಂತೆ ಮಂಕಾಗಿತ್ತು. ಅದೇ ಕ್ಯಾಸೆಟ್ಟನ್ನು ಆಮೇಲೆ ಮನೆಯಲ್ಲಿ, ಪಟ್ಟಿಯಿಂದ ದನಿಯನ್ನು ಓದುವ ಹೆಡ್ಡನ್ನು ಒರೆಸಿ ಒಂದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಹಾಕಿದಾಗ, ಅಜ್ಜಿ ಮಾತಿನ ನಡುವೆ ಎಲೆ-ಅಡಿಕೆ ಕುಟ್ಟುವ ಸದ್ದು ಕೂಡ ಬಿಡಿಬಿಡಿಯಾಗಿ ಕೇಳಿತು. ಪ್ರತಿ ಚೆನ್ನಾಗಿ ಬರುತ್ತದೆಯೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಪಟ್ಟಿ ಹೆಡ್ಡಿಗೆ ತಾಗುವ ಆ ಚಿಕ್ಕ ಜಾಗದಲ್ಲಿಯೇ ಎಂಬುದು ಅಂದಿನಿಂದ ನನಗೆ ಖಚಿತವಾಗಿದೆ. ಆದ್ದರಿಂದ ಈ ಲೇಖನದಲ್ಲಿ ತಂತ್ರಾಂಶಕ್ಕಿಂತ ಯಂತ್ರದ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವುದನ್ನು ಮೊದಲು, ಯಾವ ಕಾಲದಲ್ಲಿ

ಕ್ಯಾಸೆಟ್ಟನ್ನು ಪೆನ್‌ಡ್ರೈವಿನಂತೆ ಎರಡು ನಿಮಿಷದಲ್ಲಿ ನಕಲು ಮಾಡಲಾಗುವುದಿಲ್ಲ. ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುತ್ತದೆ, ಅದು ಓಡಿ ಮುಗಿಯುವವರೆಗೂ ನಾವು ಕಾಯಬೇಕು. 60 ನಿಮಿಷದ ಕ್ಯಾಸೆಟ್ಟಿಗೆ ಸಿದ್ಧತೆಯೂ ಸೇರಿ ಎರಡು ಗಂಟೆ ಹಿಡಿಯುತ್ತದೆ. ಹೀಗಾಗಿ ಸರದಿಯನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಶಿವಮೊಗ್ಗ ಸುಬ್ಬಣ್ಣನವರ ಭಾವಗೀತೆಗಳಂತಹ ಪ್ರಕಟಿತ ಕ್ಯಾಸೆಟ್ಟುಗಳನ್ನು ಕೊನೆಗಿಡಿ. ಅವುಗಳ ಪ್ರತಿಗಳು ಇನ್ನೂ ನೂರಾರು ಮನೆಗಳಲ್ಲಿವೆ. ಮನೆಯಲ್ಲಿ ತುಂಬಿಸಿದವು ಮೊದಲು, ಅವುಗಳಲ್ಲಿಯೂ ಈಗ ಇಲ್ಲದಿರುವವರ ದನಿಯುಳ್ಳವು ಎಲ್ಲಕ್ಕಿಂತ ಮೊದಲು. ಒಂದೇ ಒಂದು ಎಚ್ಚರಿಕೆ ಏನೆಂದರೆ, ಕೈ ಪಳಗುವವರೆಗೆ ನಾಲ್ಕೈದು ಸಿನಿಮಾ ಹಾಡಿನ ಕ್ಯಾಸೆಟ್ಟುಗಳ ಮೇಲೆ ಅಭ್ಯಾಸ ಮಾಡಿ, ಆಮೇಲೆ ಅಮೂಲ್ಯವಾದದ್ದನ್ನು ಮುಟ್ಟಬೇಕು.

ಕಾಲದ ವಿಷಯದಲ್ಲಿ ಮಲೆನಾಡಿಗೆ ಅದರದೇ ಲೆಕ್ಕವಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಘಟ್ಟದಂಚಿನ ಮನೆಗಳಲ್ಲಿ ಆಷಾಢ-ಶ್ರಾವಣದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ ಎಂದ ಮೇಲೆ ಕ್ಯಾಸೆಟ್ಟಿಗೆ ಬಾರದೇ ಇರುತ್ತದೆಯೇ? ಆ ದಿನಗಳಲ್ಲಿ ಪೆಟ್ಟಿಗೆ ತೆರೆದು ಪಟ್ಟಿಯನ್ನು ಗಾಳಿಗೊಡ್ಡಬಾರದು. ಏಪ್ರಿಲ್-ಮೇ ತಿಂಗಳ ಸಿಡಿಲು ಇನ್ನೊಂದು ಅಪಾಯ. ಗುಡುಗು ದೂರದಲ್ಲಿ ಕೇಳಿಸಿದರೂ ಸಾಕು, ಕಂಪ್ಯೂಟರ್, ಕ್ಯಾಸೆಟ್ಟು ನುಡಿಸುವ ಡೆಕ್ ಮತ್ತು ಹಾರ್ಡ್ ಡಿಸ್ಕಿನ ಪ್ಲಗ್ಗುಗಳನ್ನು ಗೋಡೆಯಿಂದ ಕಿತ್ತಿಡಬೇಕು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಒಣ ದಿನಗಳೇ ಈ ಕೆಲಸಕ್ಕೆ ಪ್ರಶಸ್ತ. ಅಡಿಕೆ ಕೊಯ್ಲು ಬಿಡುವು ಕೊಡದಿದ್ದರೂ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಬದಿಯನ್ನು ಮುಗಿಸಬಹುದು.

ಯಂತ್ರಕ್ಕೆ ಹಾಕುವ ಮುನ್ನ

ಪ್ರತಿ ಕ್ಯಾಸೆಟ್ಟಿಗೂ ಒಂದು ಸಂಖ್ಯೆ ಕೊಟ್ಟು, ಅದರ ಮೇಲಿನ ಬರಹವನ್ನೂ ಒಳಗಿನ ಚೀಟಿಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ಕ್ಯಾಸೆಟ್ಟಿನ ಬೆನ್ನಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ನಾಲಿಗೆಗಳನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮುರಿದುಬಿಡಿ. ಒಂದೊಂದು ಬದಿಗೆ ಒಂದೊಂದರಂತಿರುವ ಈ ನಾಲಿಗೆಗಳು ಹೋದರೆ ರೆಕಾರ್ಡ್ ಗುಂಡಿಯನ್ನು ಒತ್ತಿದರೂ ಅದು ಇಳಿಯುವುದಿಲ್ಲ. ಕೈತಪ್ಪಿ ಅಜ್ಜಿಯ ಮಾತಿನ ಮೇಲೆ ಮೌನವನ್ನು ತುಂಬಿಸುವ ಸಂಭವವನ್ನು ಮೊದಲೇ ತಪ್ಪಿಸಿದಂತಾಯಿತು.

ಈಗ ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯ ಮೂಲಕ ಟಾರ್ಚ್ ಬಿಟ್ಟು ಸುರುಳಿಯ ಅಂಚನ್ನು ನೋಡಿ. ಆರೋಗ್ಯವಾಗಿರುವ ಪಟ್ಟಿಯ ಸುರುಳಿ ಕಂದು ಬಣ್ಣದ ನಯವಾದ ತಟ್ಟೆಯಂತೆ ಕಾಣುತ್ತದೆ. ಅದರ ಮೇಲೆ ಬಿಳಿಯ ಪುಡಿಯೋ ಜೇಡನ ಎಳೆಯಂತಹ ನೂಲೋ ಕಂಡರೆ ಅದು ಬೂಷ್ಟು. ಅಂತಹ ಕ್ಯಾಸೆಟ್ಟನ್ನು ಒಳ್ಳೆಯ ಯಂತ್ರಕ್ಕೆ ಹಾಕಿದರೆ ಬೂಷ್ಟು ಹೆಡ್ಡಿಗೆ ಹತ್ತಿ ಅಲ್ಲಿಂದ ಮುಂದಿನ ಎಲ್ಲ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅದನ್ನು ಬೇರೆಯಾಗಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಒಂದೆರಡು ವಾರ ಇಡಿ. ತೇವ ಆರಿದ ಮೇಲೆ ಬೂಷ್ಟು ಪುಡಿಯಾಗಿ ಬಿಡಿಸಿಕೊಳ್ಳುವ ಸ್ಥಿತಿಗೆ ಬರುತ್ತದೆ. ಆಗ ಮನೆಯ ಹೊರಗೆ, ಮೂಗು-ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಕವಚವನ್ನು ತೆರೆದು ಸುರುಳಿಯ ಅಂಚನ್ನು ಮೃದುವಾದ ಒಣ ಕುಂಚದಿಂದ ಒರೆಸಬೇಕು. ಉಬ್ಬಸವಿರುವವರು ಈ ಕೆಲಸಕ್ಕೆ ಕೈಹಾಕಬಾರದು. ಬಿಸಿಲಿಗೆ ಒಡ್ಡುವುದು, ಬಚ್ಚಲೊಲೆಯ ಬಳಿ ಇಡುವುದು, ಅಡಿಕೆಯಂತೆ ಅಟ್ಟದ ಮೇಲೆ ಒಣಗಿಸುವುದು ಇವೆಲ್ಲ ನಮ್ಮ ಕಡೆ ಸಹಜವಾಗಿ ತೋಚುವ ಉಪಾಯಗಳು; ಆದರೆ ಶಾಖಕ್ಕೆ ಪಟ್ಟಿ ಸೊಟ್ಟಗಾಗುತ್ತದೆ, ಕವಚ ಬಾಗುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹೂಳುವುದೂ ಬೇಡ, ಅಕ್ಕಿಯ ಧೂಳು ಒಳಗೆ ಸೇರುತ್ತದೆ. ಪದರಗಳು ಒಂದಕ್ಕೊಂದು ಅಂಟಿಕೊಂಡಿರುವ ಅಪರೂಪದ ಕ್ಯಾಸೆಟ್ಟಾದರೆ ಬಲವಂತ ಮಾಡದೆ ನುರಿತವರಿಗೆ ಒಪ್ಪಿಸುವುದೇ ಸರಿ.

ಮುಂದಿನದು, ಕ್ಯಾಸೆಟ್ಟಿನ ಬಾಯಿಯ ನಡುವೆ, ಪಟ್ಟಿಯ ಹಿಂದೆ, ತಾಮ್ರದ ಬಣ್ಣದ ಎಲೆಯೊಂದಕ್ಕೆ ಅಂಟಿಸಿದ ಕಡಲೆಕಾಳಿನಷ್ಟು ಉಣ್ಣೆಯ ತುಂಡು ಇದೆಯೇ ಎಂದು ನೋಡುವುದು. ಪಟ್ಟಿಯನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಇದೇ. ಹಳೆಯ ಅಂಟು ಒಣಗಿ ಇದು ಉದುರಿಹೋಗಿದ್ದರೆ ದನಿ ಕ್ಷೀಣವಾಗಿ, ಮಂಕಾಗಿ, ಏರಿಳಿಯುತ್ತ ಬರುತ್ತದೆ. ಜನ ಪಟ್ಟಿಯೇ ಹಾಳಾಯಿತೆಂದು ಕೈಬಿಡುತ್ತಾರೆ. ಪರಿಹಾರ ಸುಲಭ. ಐದು ಸ್ಕ್ರೂಗಳಿರುವ ಬೇರೊಂದು ಬೇಡದ ಕ್ಯಾಸೆಟ್ಟನ್ನು ಬಿಚ್ಚಿ, ಅದರ ಪಟ್ಟಿಯನ್ನು ತೆಗೆದು, ನಮ್ಮ ಪಟ್ಟಿಯ ಎರಡೂ ಸುರುಳಿಗಳನ್ನು ಅದರ ಕವಚಕ್ಕೆ ವರ್ಗಾಯಿಸಿದರಾಯಿತು. ಬಿಳಿಯ ಬಟ್ಟೆಯ ಮೇಲೆ, 'ಎ' ಬದಿ ಮೇಲಿರುವಂತೆ ಮಲಗಿಸಿ ಬಿಚ್ಚಿ. ಪಟ್ಟಿ ಯಾವ ಗಾಲಿಯ ಯಾವ ಪಕ್ಕದಿಂದ ಹಾದುಹೋಗಿದೆ ಎಂಬುದನ್ನು ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಕ್ರೂ ಇಲ್ಲದೆ ಅಂಟಿಸಿದ ಕವಚವಾದರೆ ಬೆಸುಗೆಯ ಗೆರೆಯುದ್ದಕ್ಕೂ ಬ್ಲೇಡಿನಿಂದ ಸ್ವಲ್ಪಸ್ವಲ್ಪವೇ ಬಿಡಿಸಬೇಕಾಗುತ್ತದೆ.

ಪಟ್ಟಿ ತುಂಡಾಗಿದ್ದರೆ ಸಾಮಾನ್ಯ ಸೆಲ್ಲೋಟೇಪ್ ಹಚ್ಚಬೇಡಿ. ಅದರ ಗೋಂದು ಕೆಲವು ವರ್ಷಗಳಲ್ಲಿ ಒಸರಿ ಪಕ್ಕದ ಪದರಗಳಿಗೂ ಅಂಟುತ್ತದೆ. ಇದಕ್ಕೆಂದೇ ದೊರೆಯುವ ಸ್ಪ್ಲೈಸಿಂಗ್ ಟೇಪನ್ನು ಪಟ್ಟಿಯ ಬೆನ್ನಿಗೆ, ಎಂದರೆ ಹೆಡ್ಡನ್ನು ಮುಟ್ಟದ ಬದಿಗೆ, ತುದಿಗಳನ್ನು ಓರೆಯಾಗಿ ಕತ್ತರಿಸಿ ಒಂದಕ್ಕೊಂದು ತಾಗುವಂತೆ ಜೋಡಿಸಿ ಹಚ್ಚಬೇಕು. ಸುಕ್ಕಾದ ತುದಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿದರೂ ಹೋಗುವುದು ಒಂದು ಸೆಕೆಂಡಿನ ಐದನೆಯ ಒಂದು ಪಾಲು ಮಾತ್ರ. ಆದರೂ ಅದು ಒಂದು ಅಕ್ಷರವಾಗಿರಬಹುದು. ಅಗತ್ಯಕ್ಕಿಂತ ಹೆಚ್ಚು ಕತ್ತರಿಸಬೇಡಿ.

ವರ್ಷಾನುಗಟ್ಟಲೆ ಅಲುಗಾಡದೆ ಇದ್ದ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ ಆಮೇಲೆ ನುಡಿಸಿ. ಪದರಗಳು ಸಡಿಲಾಗುತ್ತವೆ, ಒಂದು ಪದರದ ದನಿ ಪಕ್ಕದ ಪದರಕ್ಕೆ ಇಳಿದು ಕೇಳಿಸುವ ಮರುದನಿಯೂ ಸ್ವಲ್ಪ ತಗ್ಗುತ್ತದೆ. 120 ನಿಮಿಷದ ಕ್ಯಾಸೆಟ್ಟುಗಳ ಪಟ್ಟಿ 60 ನಿಮಿಷದವುಗಳ ಅರ್ಧದಷ್ಟು ಮಾತ್ರ ದಪ್ಪವಿರುವುದರಿಂದ ಅವುಗಳನ್ನು ಯಂತ್ರದ ವೇಗದಲ್ಲಿ ಸುತ್ತದೆ, ಆರು ಮೂಲೆಯ ಪೆನ್ಸಿಲನ್ನು ಗಾಲಿಗೆ ಸಿಕ್ಕಿಸಿ ಕೈಯಿಂದಲೇ ಸುತ್ತುವುದು ಕ್ಷೇಮ.

ನುಡಿಸುವ ಯಂತ್ರ

ದನಿಯನ್ನು ಬೇರೆ ಯಂತ್ರಕ್ಕೆ ಕಳುಹಿಸುವ ಲೈನ್-ಔಟ್ ಕಿಂಡಿಗಳಿರುವ ಸ್ಟೀರಿಯೊ ಡೆಕ್ ಸಿಕ್ಕರೆ ಉತ್ತಮ. ಅದಿಲ್ಲದಿದ್ದರೆ ಹೆಡ್‌ಫೋನ್ ಕಿಂಡಿಯಿರುವ ಒಳ್ಳೆಯ ಟೂ-ಇನ್-ಒನ್ ಸಾಕು. ಆ ಕ್ಯಾಸೆಟ್ಟನ್ನು ತುಂಬಿಸಿದ ಅದೇ ಯಂತ್ರ ಇನ್ನೂ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಕೊಡಬೇಡಿ. ಅದರ ಹೆಡ್ಡಿನ ಓರೆಯೂ ಪಟ್ಟಿಯ ಮೇಲಿನ ದನಿಯ ಓರೆಯೂ ಒಂದೇ ಆಗಿರುವುದರಿಂದ, ಬೆಲ್ಟ್ ಹೊಸದು ಹಾಕಿಸಿದರೆ ಅದು ದುಬಾರಿ ಡೆಕ್ಕಿಗಿಂತ ಸ್ಪಷ್ಟವಾಗಿ ನುಡಿದೀತು. ಹಳೆಯ ಯಂತ್ರಗಳಲ್ಲಿ ಮೊದಲು ಸಾಯುವುದು ರಬ್ಬರ್: ಬೆಲ್ಟ್ ಜೋಲುತ್ತದೆ ಅಥವಾ ಕರಗಿ ಕರಿಯ ಅಂಟಾಗುತ್ತದೆ, ಪಟ್ಟಿಯನ್ನು ಒತ್ತಿ ಎಳೆಯುವ ರೋಲರ್ ಗಟ್ಟಿಯಾಗುತ್ತದೆ. ಶಿವಮೊಗ್ಗ, ಸಾಗರದಂತಹ ಊರುಗಳಲ್ಲಿ ರೇಡಿಯೊ ರಿಪೇರಿಯ ಕೆಲಸವನ್ನು ಇನ್ನೂ ಬಿಡದಿರುವ ಹಿರಿಯರನ್ನು ವಿಚಾರಿಸಿದರೆ ಇದು ಒಂದು ದಿನದ ಕೆಲಸ. ನೇರವಾಗಿ ಯುಎಸ್‌ಬಿಗೆ ಸಿಕ್ಕಿಸುವ, ಅಂಗೈಯಗಲದ ಅಗ್ಗದ ಪ್ಲೇಯರುಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅವುಗಳ ಓಟ ಸ್ಥಿರವಾಗಿರುವುದಿಲ್ಲ. ಶ್ರುತಿ ಹಿಡಿದ ಹಾಡು ಅಲೆಯ ಮೇಲೆ ತೇಲಿದಂತೆ ನಡುಗುತ್ತದೆ.

ಶುಚಿ ಮಾಡಲು ಶೇಕಡಾ 90ಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿಯ ಕಡ್ಡಿ ಬೇಕು. ಹೆಡ್ಡಿನ ಹೊಳೆಯುವ ಮುಖವನ್ನೂ ಅದರ ಪಕ್ಕದಲ್ಲಿ ತಿರುಗುವ ಉಕ್ಕಿನ ಸಣ್ಣ ದಂಡವನ್ನೂ ಕಡ್ಡಿಯ ಹತ್ತಿಯಲ್ಲಿ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ. ರಬ್ಬರ್ ರೋಲರನ್ನು ಆಲ್ಕೊಹಾಲಿನಲ್ಲಿ ನೆನೆಸದೆ, ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಕಡ್ಡಿಯಿಂದ ಒರೆಸಿದರೆ ಸಾಕು. ಐದು ನಿಮಿಷ ಆರಲು ಬಿಡಿ. ಮೂರು-ನಾಲ್ಕು ಕ್ಯಾಸೆಟ್ಟಿಗೊಮ್ಮೆ ಇದನ್ನು ಮತ್ತೆ ಮಾಡಬೇಕು. ಬೂಷ್ಟು ಬಂದಿದ್ದ ಕ್ಯಾಸೆಟ್ಟಾದರೆ ಪ್ರತಿ ಬದಿಯ ನಂತರವೂ ಮಾಡಬೇಕು.

ಆ ಒಂದು ಸ್ಕ್ರೂ

ಇಡೀ ಕೆಲಸದಲ್ಲಿ ಹೆಚ್ಚಿನವರು ಬಿಟ್ಟುಬಿಡುವ, ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹಂತವಿದು. ಕ್ಯಾಸೆಟ್ಟಿನ ಪಟ್ಟಿಯ ಅಗಲ 3.81 ಮಿಲಿಮೀಟರ್. ಹೆಡ್ಡಿನ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ಸಪೂರವಾದ ಒಂದು ಸೀಳು ಇರುತ್ತದೆ. ಅದು ಪಟ್ಟಿಯ ಓಟಕ್ಕೆ ಸರಿಯಾಗಿ ಲಂಬವಾಗಿರಬೇಕು. ತುಂಬಿಸಿದ ಯಂತ್ರದ ಸೀಳು ಸ್ವಲ್ಪ ಓರೆಯಾಗಿದ್ದರೆ ಪಟ್ಟಿಯ ಮೇಲಿನ ದನಿಯೂ ಅದೇ ಓರೆಯಲ್ಲಿ ಕುಳಿತಿರುತ್ತದೆ. ಅದನ್ನು ನೆಟ್ಟಗಿರುವ ಹೆಡ್ಡಿನಿಂದ ಓದಿದರೆ ಎತ್ತರದ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ: 'ಸ', 'ಶ', 'ಚ' ಮೊಂಡಾಗುತ್ತವೆ, ತಾಳದ ಝೇಂಕಾರ ಸತ್ತುಹೋಗುತ್ತದೆ. ಈ ಓರೆಗೆ ಅಜಿಮತ್ ಎಂದು ಹೆಸರು.

ಹೆಡ್ಡಿನ ಎರಡು ಪಕ್ಕಗಳಲ್ಲಿ ಎರಡು ಸಣ್ಣ ಸ್ಕ್ರೂಗಳಿರುತ್ತವೆ. ಕೆಳಗೆ ಸ್ಪ್ರಿಂಗ್ ಇರುವ ಸ್ಕ್ರೂವೇ ನಮಗೆ ಬೇಕಾದದ್ದು. ಅನೇಕ ಟೂ-ಇನ್-ಒನ್‌ಗಳಲ್ಲಿ ಪ್ಲೇ ಒತ್ತಿದಾಗ ಬಾಗಿಲಿನ ಕೆಳಗಿನ ಚಿಕ್ಕ ತೂತಿನ ನೇರಕ್ಕೆ ಅದು ಬಂದು ನಿಲ್ಲುತ್ತದೆ. ಮೊದಲು ಅದರ ಈಗಿನ ಸ್ಥಾನವನ್ನು ಉಗುರಿನ ಬಣ್ಣದ ಒಂದು ಚುಕ್ಕೆಯಿಂದ ಗುರುತು ಮಾಡಿ. ಕ್ಯಾಸೆಟ್ಟನ್ನು ನುಡಿಸುತ್ತ, ಹೆಡ್‌ಫೋನಿನಲ್ಲಿ ಎರಡೂ ಕಿವಿಗೆ ಒಂದೇ ದನಿ ಬರುವಂತೆ ಮೋನೊ ಸ್ಥಿತಿಯಲ್ಲಿಟ್ಟು ಕೇಳುತ್ತ, ಸ್ಕ್ರೂವನ್ನು ಗಡಿಯಾರದ ನಿಮಿಷದ ಮುಳ್ಳು ಐದು ನಿಮಿಷದಲ್ಲಿ ಸರಿಯುವಷ್ಟು ಮಾತ್ರ ತಿರುಗಿಸಿ ನಿಲ್ಲಿಸಿ, ಕೇಳಿ, ಮತ್ತೆ ತಿರುಗಿಸಿ. ಒಂದು ಹಂತದಲ್ಲಿ ಪಟ್ಟಿಯ ಸಣ್ಣ ಸುಸ್ಸೆನ್ನುವ ಸದ್ದೂ ವ್ಯಂಜನಗಳೂ ಒಮ್ಮೆಲೇ ಚುರುಕಾಗುತ್ತವೆ. ಅದನ್ನು ದಾಟಿದರೆ ಮತ್ತೆ ಮಂಕು ಕವಿಯುತ್ತದೆ. ಚುರುಕು ಗರಿಷ್ಠವಾದ ಜಾಗಕ್ಕೆ ಮರಳಿ ಬಂದು ಬಿಡಿ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವ ಪ್ರಸಂಗ ಬಂದರೆ ದೋಷ ಬೇರೆಲ್ಲೋ ಇದೆ ಎಂದು ತಿಳಿಯಿರಿ. ಮನೆಯಲ್ಲಿ ತುಂಬಿಸಿದ ಪ್ರತಿಯೊಂದು ಕ್ಯಾಸೆಟ್ಟಿಗೂ, ಎಷ್ಟೋ ಸಲ ಪ್ರತಿ ಬದಿಗೂ, ಇದನ್ನು ಹೊಸದಾಗಿಯೇ ಹೊಂದಿಸಬೇಕು.

ಡೆಕ್ಕಿನಲ್ಲಿ ಪಟ್ಟಿಯ ಸುಸ್ಸನ್ನು ತಗ್ಗಿಸುವ ಡಾಲ್ಬಿ ಗುಂಡಿ ಇದ್ದರೆ, ಕ್ಯಾಸೆಟ್ಟಿನ ಮೇಲೆ ಡಾಲ್ಬಿ ಮುದ್ರೆ ಇದ್ದಾಗ ಮಾತ್ರ ಅದನ್ನು ಹಾಕಿ. ಸಾಧಾರಣ ಟೂ-ಇನ್-ಒನ್ನಿನಲ್ಲಿ ತುಂಬಿಸಿದ್ದಕ್ಕೆ ಡಾಲ್ಬಿ ಇರುವುದಿಲ್ಲ. ಹಾಕಿದರೆ ದನಿ ಕುಗ್ಗುತ್ತದೆ.

ಕಂಪ್ಯೂಟರಿಗೆ ಜೋಡಿಸುವುದು

ಈಗಿನ ಲ್ಯಾಪ್‌ಟಾಪುಗಳಲ್ಲಿ ಹೆಡ್‌ಫೋನಿಗೂ ಮೈಕಿಗೂ ಸೇರಿ ಒಂದೇ ಕಿಂಡಿ ಇರುತ್ತದೆ. ಅದರ ಮೈಕ್ ಭಾಗ ಮೋನೊ, ಅದೂ ಅಲ್ಲದೆ ಮೈಕಿನ ಕ್ಷೀಣ ಸಂಕೇತಕ್ಕೆಂದು ಮಾಡಿದ್ದು. ಡೆಕ್ಕಿನ ಬಲವಾದ ಸಂಕೇತವನ್ನು ಅದಕ್ಕೆ ಕೊಟ್ಟರೆ ದನಿ ಒಡೆದು ಕರಕರ ಎನ್ನುತ್ತದೆ. ಆದ್ದರಿಂದ ಲೈನ್-ಇನ್ (ಇಂತಹ ಬಲವಾದ ಸಂಕೇತವನ್ನು ಪಡೆಯುವ ಕಿಂಡಿ) ಇರುವ ಒಂದು ಚಿಕ್ಕ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಕೊಳ್ಳಿ. ಇಡೀ ಕೆಲಸದಲ್ಲಿ ಹಣ ಹಾಕಲೇಬೇಕಾದ ವಸ್ತು ಇದು. ಡೆಕ್ಕಿನ ಕೆಂಪು-ಬಿಳಿ ಕಿಂಡಿಗಳಿಂದ ಇಂಟರ್‌ಫೇಸಿನ ಕೆಂಪು-ಬಿಳಿ ಕಿಂಡಿಗಳಿಗೆ ಒಂದು ಕೇಬಲ್. ಟೂ-ಇನ್-ಒನ್ ಆದರೆ 3.5 ಮಿಲಿಮೀಟರ್ ಪಿನ್ನಿನಿಂದ ಕೆಂಪು-ಬಿಳಿಗೆ ಕವಲೊಡೆಯುವ ಕೇಬಲ್.

ಜೋಡಿಸಿದ ಕೂಡಲೇ ಗುಂಯ್ ಎನ್ನುವ ಸದ್ದು ಕೇಳಿಸಿದರೆ ಅದು ಕರೆಂಟಿನ 50 ಹರ್ಟ್ಸ್‌ನದು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲೇ ನಡೆಸಿದರೆ ಹೆಚ್ಚಿನ ಸಲ ಹೋಗುತ್ತದೆ. ಟೂ-ಇನ್-ಒನ್ನಿಗೂ ದಪ್ಪ ಸೆಲ್ಲುಗಳನ್ನು ಹಾಕಿ ನಡೆಸಿದರೆ ಗೋಡೆಯ ಕರೆಂಟಿನ ಸಂಪರ್ಕವೇ ತಪ್ಪುತ್ತದೆ, ನಡುವೆ ಕರೆಂಟು ಹೋಗಿ ಪಟ್ಟಿ ರೋಲರಿಗೆ ಸಿಕ್ಕಿಕೊಳ್ಳುವ ಭಯವೂ ಇಲ್ಲ. ಹಳೆಯ ಮಾದರಿಯ, ಚೌಕ ಅಲೆಯ ಇನ್ವರ್ಟರ್ ಮೇಲೆ ಡೆಕ್ಕನ್ನು ನಡೆಸಬೇಡಿ. ಅದರ ಗುಂಯ್‌ಗಾರ ಗೋಡೆಯ ಕರೆಂಟಿನದಕ್ಕಿಂತ ಕೆಟ್ಟದು.

ಧ್ವನಿಮುದ್ರಣ

ಆಡಾಸಿಟಿ ಎಂಬ ಉಚಿತ ತಂತ್ರಾಂಶ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಅದರಲ್ಲಿ ಇನ್‌ಪುಟ್ ಸಾಧನವಾಗಿ ಯುಎಸ್‌ಬಿ ಇಂಟರ್‌ಫೇಸನ್ನು ಆರಿಸಿ. ಲ್ಯಾಪ್‌ಟಾಪಿನ ಒಳಮೈಕನ್ನು ಹಾಗೆಯೇ ಬಿಟ್ಟರೆ ಅಡುಗೆಮನೆಯ ಮಿಕ್ಸಿಯ ಸದ್ದು ದಾಖಲಾಗುತ್ತದೆ. ಸ್ಟೀರಿಯೊ, 48,000 ಹರ್ಟ್ಸ್, 24 ಬಿಟ್ ಎಂದು ಹೊಂದಿಸಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಯಾಸಾ ಕೂಡ ಸಂರಕ್ಷಣೆಗೆ ಕನಿಷ್ಠ ಮಟ್ಟವೆಂದು ಹೇಳುವುದು ಇದನ್ನೇ. ಈ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ, 90 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 1.5 ಜಿಬಿ ಜಾಗ ಬೇಕು. ಮನೆಯ ಮುದ್ರಣ ಮೋನೊ ಆಗಿದ್ದರೂ ಸ್ಟೀರಿಯೊದಲ್ಲೇ ತೆಗೆದುಕೊಳ್ಳಿ. ಪಟ್ಟಿಯ ಅಂಚು ಸವೆದಿದ್ದರೆ ಒಂದು ಚಾನೆಲ್ ಕೆಟ್ಟು ಇನ್ನೊಂದು ಚೆನ್ನಾಗಿ ಉಳಿದಿರುತ್ತದೆ, ಆರಿಸಿಕೊಳ್ಳಲು ಅವಕಾಶವಿರುತ್ತದೆ. ವಿಂಡೋಸಿನ ಧ್ವನಿ ಸೆಟ್ಟಿಂಗಿನಲ್ಲಿ 'ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್' ಎಂಬುದನ್ನು ಆಫ್ ಮಾಡಿಬಿಡಿ. ಫೋನ್ ಮಾತಿಗೆಂದು ಮಾಡಿದ ಆ ಸೌಲಭ್ಯ ಹಾಡಿನ ಶ್ರುತಿಯನ್ನೇ ಗದ್ದಲವೆಂದು ಬಗೆದು ಅಳಿಸಲು ನೋಡುತ್ತದೆ.

ಕ್ಯಾಸೆಟ್ಟಿನ ಅತ್ಯಂತ ಜೋರಾದ ಭಾಗವನ್ನು ನುಡಿಸಿ ಮಟ್ಟವನ್ನು ಹೊಂದಿಸಿ. ತಾಳಮದ್ದಲೆಯಾದರೆ ಚೆಂಡೆಯ ಏರುಪೆಟ್ಟು, ಮದುವೆಯ ಮುದ್ರಣವಾದರೆ ಓಲಗ ಬರುವ ಜಾಗ. ಮೀಟರಿನ ತುದಿ ಮೈನಸ್ 6 ಡೆಸಿಬಲ್ ದಾಟಬಾರದು. ಸೊನ್ನೆಯನ್ನು ಮುಟ್ಟಿ ಒಡೆದ ದನಿಯನ್ನು ಆಮೇಲೆ ಸರಿಪಡಿಸಲಾಗುವುದಿಲ್ಲ. ತಗ್ಗಿನಲ್ಲಿ ಬಂದದ್ದನ್ನು 24 ಬಿಟ್ಟಿನಲ್ಲಿ ನಿಶ್ಚಿಂತೆಯಾಗಿ ಏರಿಸಿಕೊಳ್ಳಬಹುದು. ಬದಿಯ ಆರಂಭಕ್ಕೆ ಸುತ್ತಿ, ಮೊದಲು ಆಡಾಸಿಟಿಯ ಕೆಂಪು ಗುಂಡಿ, ಆಮೇಲೆ ಡೆಕ್ಕಿನ ಪ್ಲೇ. ಬದಿ ಮುಗಿಯುವವರೆಗೆ ನಿಲ್ಲಿಸಬೇಡಿ. ನಡುವಿನ ದೀರ್ಘ ಮೌನವನ್ನು ನಂಬಿ ನಿಲ್ಲಿಸುವುದು ತಪ್ಪು. ಅಜ್ಜಿಯ ಕ್ಯಾಸೆಟ್ಟಿನ 'ಬಿ' ಬದಿಯಲ್ಲಿ ಆರು ನಿಮಿಷ ಏನೂ ಇಲ್ಲ. ಆಮೇಲೆ, ಯಂತ್ರ ಓಡುತ್ತಿರುವುದು ಗೊತ್ತಿಲ್ಲದೆ, ಅವಳು ಮೊಮ್ಮಗುವನ್ನು ಮಲಗಿಸುತ್ತ ಹೇಳಿದ ಜೋಗುಳವಿದೆ.

ಪಟ್ಟಿ ಓಡುವ ಆ ಮುಕ್ಕಾಲು ಗಂಟೆಯನ್ನು ವ್ಯರ್ಥ ಮಾಡಬೇಡಿ. ಮನೆಯ ಅಥವಾ ನೆರೆಮನೆಯ ಹಿರಿಯರನ್ನು ಕರೆದು ಕೂರಿಸಿಕೊಂಡು, ನೋಟುಬುಕ್ಕಿನಲ್ಲಿ ನಿಮಿಷದ ಲೆಕ್ಕ ಹಾಕಿ, ಯಾರ ದನಿ, ಯಾವ ಪದ, ಯಾರ ಮನೆಯ ಅಂಗಳ ಎಂದು ಬರೆದುಕೊಳ್ಳಿ. ನಮ್ಮ ಅಂಟಿಗೆ-ಪಂಟಿಗೆಯ ಕ್ಯಾಸೆಟ್ಟು ಓಡುತ್ತಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ಎರಡನೆಯ ಪದದಲ್ಲಿ ಸೊಲ್ಲು ಎತ್ತಿಕೊಂಡ ದನಿ ತಮ್ಮ ತೀರಿಹೋದ ಅಣ್ಣನದೆಂದು ಗುರುತಿಸಿದರು; 14ನೆಯ ನಿಮಿಷದಲ್ಲಿ ಬೊಗಳಿದ ನಾಯಿಯ ಹೆಸರನ್ನೂ ಹೇಳಿದರು. ಕಡತದ ಗುಣಮಟ್ಟ ಎಷ್ಟೇ ಚೆನ್ನಾಗಿರಲಿ, ಈ ಮಾಹಿತಿ ಪಟ್ಟಿಯಲ್ಲಿಲ್ಲ, ಅದನ್ನು ಹೇಳಬಲ್ಲವರ ಸಂಖ್ಯೆ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದೆ.

ಸದ್ದು ತೆಗೆಯುವುದರಲ್ಲಿ ಸಂಯಮ

ಮುದ್ರಣ ಮುಗಿದ ತಕ್ಷಣ, ಏನನ್ನೂ ತಿದ್ದದೆ, ಮೂಲ ಕಡತವನ್ನು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಫ್ಲ್ಯಾಕ್ ದನಿಯ ಒಂದು ಕಣವನ್ನೂ ಬಿಡದೆ ಕಡತವನ್ನು ಗಣನೀಯವಾಗಿ ಚಿಕ್ಕದಾಗಿಸುತ್ತದೆ. ತಿದ್ದುವುದೆಲ್ಲ ಅದರ ನಕಲಿನ ಮೇಲೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಆಡಾಸಿಟಿಯಲ್ಲಿ ಸದ್ದು ಇಳಿಸುವ ಸೌಲಭ್ಯ ಕಂಡ ಹುರುಪಿನಲ್ಲಿ ನಾನು ಅಜ್ಜಿಯ ಮಾತಿನ ಹಿಂದಿನ 'ಗದ್ದಲ'ವನ್ನು ಪೂರ್ತಿ ತೆಗೆದುಹಾಕಿದೆ. ಮಾರನೆಯ ದಿನ ಕೇಳಿದರೆ ದನಿ ಕೊಡದೊಳಗಿಂದ ಬಂದಂತೆ ಟೊಳ್ಳಾಗಿತ್ತು, 'ಹೊಳೆ' ಎಂಬುದು 'ಒಳೆ'ಯಾಗಿ ಕೇಳುತ್ತಿತ್ತು. ಆ ಗದ್ದಲ ಪಟ್ಟಿಯದಾಗಿರಲೇ ಇಲ್ಲ. ಅದು 1991ರ ಆ ಮಧ್ಯಾಹ್ನ ನಮ್ಮ ಮನೆಯ ಹೆಂಚಿನ ಮೇಲೆ ಸುರಿಯುತ್ತಿದ್ದ ಮಳೆ. ಊರು ಮುಳುಗಿದ ಕಥೆಯನ್ನು ಅವಳು ಹೇಳಿದ್ದು ಆ ಮಳೆಯ ಕೆಳಗೆ ಕುಳಿತು. ಮೂಲ ಕಡತ ಉಳಿದಿದ್ದರಿಂದ ಮಳೆಯೂ ಉಳಿಯಿತು.

ಪಟ್ಟಿಯ ಸುಸ್ಸು ನಿಜವಾಗಿಯೂ ತೊಂದರೆ ಕೊಡುತ್ತಿದ್ದರೆ, ಮಾತಿಲ್ಲದ ಎರಡು ಸೆಕೆಂಡಿನ ಭಾಗವನ್ನು ಆರಿಸಿ ಅದನ್ನೇ ಮಾದರಿಯಾಗಿ ಕೊಟ್ಟು, 6 ಡೆಸಿಬಲ್ ಮಾತ್ರ ಇಳಿಸಿ ನಿಲ್ಲಿಸಿ. ಮಾತಿನ ಮುದ್ರಣದಲ್ಲಿ 70 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ-ಪಾಸ್ ಫಿಲ್ಟರಿನಿಂದ ಕತ್ತರಿಸಿದರೆ ಮೋಟಾರಿನ ಗುಡುಗು ಹೋಗುತ್ತದೆ. ತಾಳಮದ್ದಲೆಗೆ ಅದನ್ನು ಮಾಡಬೇಡಿ, ಮದ್ದಳೆಯ ತುಂಬುನಾದ ತೆಳ್ಳಗಾಗುತ್ತದೆ.

ವೇಗದ ದೋಷ ಇನ್ನೊಂದು. ಸೆಲ್ಲು ಕುಗ್ಗಿದ್ದಾಗ ತುಂಬಿಸಿದ ಕ್ಯಾಸೆಟ್ಟನ್ನು ಈಗ ನುಡಿಸಿದರೆ ದನಿ ಕೀರಲಾಗಿ, ಅವಸರದಲ್ಲಿ ಓಡುತ್ತದೆ. ಅದೇ ಹಾಡುಗಾರರ ಬೇರೊಂದು ಮುದ್ರಣದ ಶ್ರುತಿಯೊಂದಿಗೆ ಹೋಲಿಸಿ ಆಡಾಸಿಟಿಯಲ್ಲಿ ವೇಗವನ್ನು ಹೊಂದಿಸಬಹುದು. ಗೋಡೆಯ ಕರೆಂಟಿನಲ್ಲಿ ತುಂಬಿಸಿದ್ದಾದರೆ ಪಟ್ಟಿಯಲ್ಲೇ ಸೆರೆಯಾದ 50 ಹರ್ಟ್ಸ್‌ನ ಗುಂಯ್‌ಗಾರವೂ ಅಳತೆಗೋಲಾಗುತ್ತದೆ: ರೋಹಿತ ನಕ್ಷೆಯಲ್ಲಿ (ಸ್ಪೆಕ್ಟ್ರಮ್) ಅದು 52ರಲ್ಲಿ ಕಂಡರೆ ವೇಗವನ್ನು ಶೇಕಡಾ 3.8ರಷ್ಟು ಇಳಿಸಬೇಕು. ಆ ಕಾಲದಲ್ಲಿ ವಿದ್ಯುತ್ ಜಾಲದ ಆವರ್ತನವೂ ಅಷ್ಟು ಸ್ಥಿರವಾಗಿರಲಿಲ್ಲವಾದ್ದರಿಂದ ಇದನ್ನು ಅಂದಾಜಿಗೆ ಇಟ್ಟುಕೊಂಡು, ಕೊನೆಯ ತೀರ್ಪನ್ನು ಆ ದನಿಯನ್ನು ಬಲ್ಲವರ ಕಿವಿಗೆ ಬಿಡಿ.

ಹೆಸರು, ಪ್ರತಿ, ಹಂಚಿಕೆ

ಕಡತದ ಹೆಸರಿನಲ್ಲಿ ಕ್ಯಾಸೆಟ್ಟಿನ ಸಂಖ್ಯೆ, ಬದಿ, ವರ್ಷ ಮತ್ತು ವಿಷಯ ಇರಲಿ: 'ಕ್ಯಾ012-ಬಿ-1991-ಅಜ್ಜಿ-ಮುಳುಗಡೆ'. ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದರೆ ಯಾವ ಕಂಪ್ಯೂಟರಿನಲ್ಲಿಯೂ ಓದಬಹುದು. ಹಳೆಯ ಫಾಂಟ್ ಆಧಾರಿತ ಲಿಪಿಯಲ್ಲಿ ಬರೆದರೆ ಬೇರೆಡೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ನೋಟುಬುಕ್ಕಿನ ವಿವರಗಳನ್ನೂ ಚೀಟಿಯ ಫೋಟೊವನ್ನೂ ಅದೇ ಫೋಲ್ಡರಿನಲ್ಲಿಡಿ.

ಮೂಲ ಕಡತಗಳ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಬಿಡಿ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ನೆಂಟರ ಬಳಿ. ಒಂದೇ ಸಿಡಿಲು ಒಂದೇ ಮನೆಯ ಎರಡು ಪ್ರತಿಗಳನ್ನೂ ಸುಡಬಲ್ಲದು.

ಬಂಧುಗಳಿಗೆ ಕಳುಹಿಸಲು 128 ಕೆಬಿಪಿಎಸ್ ಎಂಪಿ3 ಸಾಕು, ನಿಮಿಷಕ್ಕೆ ಸುಮಾರು 1 ಎಂಬಿ ಆಗುತ್ತದೆ. ವಾಟ್ಸಾಪಿನಲ್ಲಿ ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿ. ಸಾರ್ವಜನಿಕವಾಗಿ ಹಾಕುವುದು ಬೇರೆಯೇ ವಿಷಯ. ಕೊಂಡ ಕ್ಯಾಸೆಟ್ಟನ್ನು ಸ್ವಂತ ಬಳಕೆಗೆ ಇಳಿಸಿಕೊಳ್ಳುವುದಕ್ಕೂ ಅದನ್ನು ಯೂಟ್ಯೂಬಿಗೆ ಏರಿಸುವುದಕ್ಕೂ ಬಹಳ ಅಂತರವಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. ಪ್ರದರ್ಶಕರ ಹಕ್ಕು 50 ವರ್ಷದ್ದು. ನಿಮ್ಮ ಜಗಲಿಯಲ್ಲೇ ನಡೆದ ತಾಳಮದ್ದಲೆಯಾದರೂ ಅರ್ಥಧಾರಿಗಳ, ಭಾಗವತರ ಅಥವಾ ಅವರ ಮನೆಯವರ ಒಪ್ಪಿಗೆ ಕೇಳಿ. ನಾನು ಕೇಳಿದಾಗ ಯಾರೂ ಇಲ್ಲವೆನ್ನಲಿಲ್ಲ. ಎಲ್ಲರೂ ತಮಗೊಂದು ಪ್ರತಿ ಬೇಕೆಂದರು.

ಇಷ್ಟೆಲ್ಲ ಆದ ಮೇಲೆ ಕ್ಯಾಸೆಟ್ಟನ್ನು ಎಸೆಯಬೇಡಿ. ಮುಂದೆ ಇನ್ನೂ ಒಳ್ಳೆಯ ಯಂತ್ರ ಸಿಕ್ಕರೆ ಮತ್ತೊಮ್ಮೆ ನುಡಿಸಬೇಕಾದೀತು. ಒಂದು ತುದಿಗೆ ಪೂರ್ತಿ ಸುತ್ತಿ, ಡಬ್ಬಿಗೆ ಹಾಕಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಬಿಗಿಯಾದ ಮುಚ್ಚಳದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನೊಂದಿಗೆ ಇಡಿ. ಸ್ಪೀಕರಿನ ಬಳಿ ಬೇಡ, ಒಲೆಯ ಮೇಲಿನ ಅಟ್ಟವೂ ಬೇಡ. ನೀಲಿ ಕಾಳಿನ ಸಿಲಿಕಾ ಜೆಲ್ ತೇವ ಹೀರಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲ ಶುರುವಾಗುವ ಮುನ್ನ ಒಮ್ಮೆ, ದೀಪಾವಳಿಗೆ ಒಮ್ಮೆ ಪೆಟ್ಟಿಗೆ ತೆರೆದು ಬಣ್ಣ ನೋಡಿ, ಗುಲಾಬಿಯಾಗಿದ್ದರೆ ಬದಲಿಸಿ.